ಒಂದು ಪ್ಯಾರಾ ಇಂಗ್ಲಿಷು

ಕನ್ನಡದ ಅಧ್ಯಾಪಕನೊಬ್ಬನು ಇಂಗ್ಲಿಷು ಬರವಣಿಗೆಯ ವಿಚಾರವಾಗಿ ಲೇಖನಿಯೆತ್ತಿದರೆ ಓದುಗರು ಹುಬ್ಬೇರಿಸುವುದು ಸಹಜವೇ. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕಾಲೇಜುಗಳನ್ನು ಹತ್ತಿರದಿಂದ ಬಲ್ಲವರಿಗೆ ಇದರಲ್ಲಿ ಸೋಜಿಗವೇನೂ ತೋರದು. ಇಲ್ಲಿನ ವಿದ್ಯಾರ್ಥಿಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯಬೇಕಾಗಿ ಬಂದಾಗ ಅವನು ಮೊದಲು ಅರಸಿ ಬರುವುದು ಕನ್ನಡ ವಿಭಾಗದ ಕೊಠಡಿಯನ್ನು. ಇಂಗ್ಲಿಷಿನ ಅಧ್ಯಾಪಕರ ಎದುರಿಗೆ ತಪ್ಪು ಮಾಡಲು ಅವನಿಗೆ ಭಯ. ಕನ್ನಡದವರ ಎದುರಿಗಾದರೆ ಸಂಕೋಚವಿಲ್ಲ. "ಇದೊಂದು ಪ್ಯಾರಾ ನೋಡಿ ಕೊಡ್ರಿ ಸರ್" ಎಂದು ಹಾಳೆಯನ್ನು ಮೇಜಿನ ಮೇಲಿಟ್ಟು ಬಾಗಿಲ ಬಳಿ ನಿಂತುಕೊಳ್ಳುತ್ತಾನೆ.

ಆ ಹಾಳೆಯನ್ನು ತಿದ್ದಲು ಕುಳಿತರೆ ಕೆಂಪು ಶಾಯಿಗೆ ಕೆಲಸ ಬೇಕಾದಷ್ಟಿರುತ್ತದೆ. ಕಾಗುಣಿತ ತಪ್ಪಿರುತ್ತದೆ, ಕಾಲ ತಪ್ಪಿರುತ್ತದೆ, ಏಕವಚನ ಬಹುವಚನಗಳು ಕಲಸಿಹೋಗಿರುತ್ತವೆ. ಇವೆಲ್ಲವನ್ನೂ ತಿದ್ದಿದ ಮೇಲೆ ಉಳಿಯುವುದೇನು ಎಂಬುದೇ ನನ್ನನ್ನು ಬಹುದಿನಗಳಿಂದ ಕಾಡುತ್ತಿರುವ ಪ್ರಶ್ನೆ. ಹಲವು ಸಲ ಉಳಿಯುವುದು ವ್ಯಾಕರಣಶುದ್ಧವಾದ ಶೂನ್ಯ. ಭಾರತವು ಕೃಷಿಪ್ರಧಾನ ದೇಶ, ರೈತನು ದೇಶದ ಬೆನ್ನೆಲುಬು, ಆದುದರಿಂದ ನಾವೆಲ್ಲರೂ ರೈತನನ್ನು ಗೌರವಿಸಬೇಕು: ಈ ಮೂರು ವಾಕ್ಯಗಳನ್ನು ಬರೆದವನ ತಂದೆ ಆ ವಾರವೇ ಒಣಗಿದ ತೊಗರಿಯ ಹೊಲದಲ್ಲಿ ನಿಂತು ತಲೆಯ ಮೇಲೆ ಕೈಹೊತ್ತಿದ್ದನೆಂಬುದು ಆ ಹಾಳೆಯಿಂದ ತಿಳಿಯುವುದಿಲ್ಲ.

ಪ್ಯಾರಾ ಎಂಬ ಪದಾರ್ಥವೇ ನಮ್ಮಲ್ಲಿ ಹೊಸದು. ಪರಿಚ್ಛೇದ, ವಾಕ್ಯವೃಂದ, ಕಂಡಿಕೆ ಎಂದು ನಾವು ಬಗೆಬಗೆಯಾಗಿ ಹೆಸರಿಟ್ಟರೂ ಜನರ ಬಾಯಲ್ಲಿ ಉಳಿದದ್ದು ಪ್ಯಾರಾ. ತಾಡವಾಲೆಯ ಲಿಪಿಕಾರನು ಪದಕ್ಕೂ ಪದಕ್ಕೂ ನಡುವೆ ತೆರಪು ಬಿಡದೆ ಬರೆದುಕೊಂಡು ಹೋಗುತ್ತಿದ್ದನು; ಇನ್ನು ವಾಕ್ಯಗಳ ಗುಂಪಿಗೆ ಹೊಸ ಸಾಲು ಕೊಡುವ ಮಾತೆಲ್ಲಿ ಬಂತು? ಅಚ್ಚಿನ ಮನೆ ಬಂದು, ೧೮೪೩ರಲ್ಲಿ 'ಮಂಗಳೂರ ಸಮಾಚಾರ' ಹೊರಟು, ಪಠ್ಯಪುಸ್ತಕಗಳು ಹರಡಿದ ಮೇಲೆಯೇ ಕನ್ನಡದ ಕಣ್ಣಿಗೆ ಪ್ಯಾರಾ ರೂಢಿಯಾದದ್ದು. ಪಶ್ಚಿಮದಲ್ಲಿ ಆ ಶಬ್ದ ಗ್ರೀಕರದು. ಬರಹದ ಪಕ್ಕದಲ್ಲಿ ಎಳೆಯುತ್ತಿದ್ದ ಗೆರೆಗೆ ಅವರು ಆ ಹೆಸರಿಟ್ಟಿದ್ದರು. ಆದರೆ ಇಂದು ನಮ್ಮ ಮಕ್ಕಳಿಗೆ ಶಾಸ್ತ್ರವೆಂಬಂತೆ ಬೋಧಿಸುವ ನಿಯಮಗಳು, ಎಂದರೆ ಒಂದು ಪ್ಯಾರಾದಲ್ಲಿ ಒಂದೇ ವಿಷಯವಿರಬೇಕು, ಅದನ್ನು ಮೊದಲೇ ಸೂಚಿಸಬೇಕು, ಉಳಿದ ವಾಕ್ಯಗಳು ಅದನ್ನು ಪೋಷಿಸಬೇಕು ಎಂಬುವು, ಅಷ್ಟೇನೂ ಪ್ರಾಚೀನವಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ಎಂಬ ಪಂಡಿತನು ೧೮೬೬ರಲ್ಲಿ ಪ್ರಕಟಿಸಿದ ರಚನಾಶಾಸ್ತ್ರದ ಕೈಪಿಡಿಯಲ್ಲಿ ಇವುಗಳಿಗೆ ಕಟ್ಟಳೆಯ ರೂಪ ಕೊಟ್ಟನು. ಇಂಗ್ಲಿಷರಿಗೇ ಅದು ಹೊಸದಾಗಿ ಕಲಿತ ಪಾಠ.

ನಮಗೆ ಪರಂಪರೆಯಿಂದ ಬಂದ ಗದ್ಯದ ಮಾದರಿ ಬೇರೆ. ಏಕಾಂತದ ರಾಮಯ್ಯನು ಆಳಂದದವನೆಂದು ತಿಳಿಸುವ, ಕ್ರಿ.ಶ. ೧೨೦೦ರ ಸುಮಾರಿನ ಅಬ್ಬಲೂರಿನ ಶಾಸನ ಈ ಭಾಗದವರಿಗೆಲ್ಲ ಅಭಿಮಾನದ ವಸ್ತು. ಅಂಥ ಶಾಸನಗಳ ನಡೆಯನ್ನು ಗಮನಿಸಬೇಕು. ಮೊದಲು ದೇವತಾಸ್ತುತಿ, ಅನಂತರ ಆಳುವ ಅರಸನ ಬಿರುದಾವಳಿ, ಆಮೇಲೆ ವಂಶ, ನಾಡು, ಊರು. ಹಾಡಿ ಹೊಗಳಿ ದಣಿದ ಮೇಲೆ ಕಟ್ಟಕಡೆಗೆ ಇಂಥವರಿಗೆ ಇಂಥ ದತ್ತಿ ಬಿಟ್ಟಿತು ಎಂಬ ಸಂಗತಿ. ಶಾಸನಕ್ಕೆ ಅದು ಒಪ್ಪುತ್ತದೆ; ಕಲ್ಲು ಸಾವಿರ ವರ್ಷ ನಿಲ್ಲಬೇಕಾದದ್ದು, ಅದಕ್ಕೆ ಅವಸರವಿಲ್ಲ. ನಮ್ಮ ಅರ್ಜಿಗಳೂ ಅದೇ ಜಾಡಿನಲ್ಲಿ ನಡೆದುವು. ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ಎಂದು ಆರಂಭಿಸಿ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಂದು ಮುಂದುವರಿಸಿ, ಬಾವಿಯಲ್ಲಿ ನೀರಿಲ್ಲ ಎಂಬ ಮಾತಿಗೆ ಬರುವಷ್ಟರಲ್ಲಿ ಹಾಳೆ ಮುಗಿದಿರುತ್ತದೆ. ವಿದ್ಯಾರ್ಥಿಯ ಇಂಗ್ಲಿಷು ಪ್ಯಾರಾ ಈ ಎರಡರ ಮೊಮ್ಮಗು.

ಅರ್ಜಿಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ಕಚೇರಿಯ ಭಾಷೆ ಮನೆಯ ಭಾಷೆಯಾಗದಿರುವುದು ಈ ನಾಡಿಗೆ ಹೊಸ ಅನುಭವವಲ್ಲ. ನಿಜಾಮರ ಆಡಳಿತದಲ್ಲಿ ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು ಕಚೇರಿಯ ಭಾಷೆಗಳಾಗಿದ್ದುವು. ೧೯೧೮ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿಯೇ ಉಚ್ಚಶಿಕ್ಷಣ ಕೊಟ್ಟು ದೇಶದ ಕಣ್ಣು ಸೆಳೆಯಿತು. ಇಂಗ್ಲಿಷು ಅಲ್ಲಿ ಕಡ್ಡಾಯದ ಒಂದು ವಿಷಯ. ೧೯೪೮ರಲ್ಲಿ ಆ ಸಂಸ್ಥಾನ ಭಾರತದಲ್ಲಿ ಸೇರಿತು, ೧೯೫೬ರಲ್ಲಿ ಗುಲ್ಬರ್ಗ ಜಿಲ್ಲೆ ಕನ್ನಡನಾಡಿನೊಡನೆ ಒಂದಾಯಿತು. ಅಜ್ಜನು ಉರ್ದುವಿನಲ್ಲಿ ಅರ್ಜಿ ಬರೆಸಿದನು, ತಂದೆಯು ಕನ್ನಡದಲ್ಲಿ ಬರೆದನು, ಮಗನು ಇಂಗ್ಲಿಷಿನಲ್ಲಿ ಬರೆಯಲು ತಿಣುಕುತ್ತಿದ್ದಾನೆ. ಇದರ ಮೇಲೆ ಆಳಂದದ ಗಡಿಯೂರುಗಳಲ್ಲಿ ಮರಾಠಿಯ ಬಳಕೆ, ತಾಂಡಾಗಳಲ್ಲಿ ಲಂಬಾಣಿ. ಭಾಷೆಯಿಂದ ಭಾಷೆಗೆ ದಾಟುವ ಜಾಣ್ಮೆ ಈ ಮಕ್ಕಳಿಗೆ ರಕ್ತಗತ. ಸಂತೆಯಲ್ಲಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡುವ ಹುಡುಗನನ್ನು ಭಾಷೆಯ ವಿಷಯದಲ್ಲಿ ಮಂದನೆಂದು ಯಾರು ಹೇಳಬಲ್ಲರು?

ಆದರೂ ಬಾಗಿಲು ಇಂಗ್ಲಿಷಿನದೇ. ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಏರ್ಪಾಡು ೨೦೦೭ರಲ್ಲಿ ಆಯಿತು. ೨೦೦೯ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿ ತಲೆಯೆತ್ತಿ ನಿಂತಿದೆ. ೨೦೧೨ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನ ತಿದ್ದುಪಡಿಯಿಂದ ೩೭೧ನೆಯ ವಿಧಿಗೆ 'ಜೆ' ಎಂಬ ಖಂಡ ಸೇರಿ, ಈ ಭಾಗದ ಮಕ್ಕಳಿಗೆ ವೈದ್ಯಕೀಯ, ತಾಂತ್ರಿಕ ಕಾಲೇಜುಗಳಲ್ಲಿ ಸ್ಥಾನಗಳೂ ನೌಕರಿಗಳೂ ಮೀಸಲಾದುವು. ಕೇಳಿ ಪಡೆದ ನ್ಯಾಯ ಅದು, ಭಿಕ್ಷೆಯಲ್ಲ. ಆದರೆ ಸ್ಥಾನ ದೊರೆತ ಮರುದಿನ ಕೈಗೆ ಬರುವ ಪುಸ್ತಕ ಇಂಗ್ಲಿಷಿನದು. ಹತ್ತು ಸಾಲಿನ ಒಂದು ಉತ್ತರವನ್ನು ಸ್ವಂತವಾಗಿ ಬರೆಯಲಾರದೆ, ಕನ್ನಡ ಶಾಲೆಯಲ್ಲಿ ಮೊದಲಿಗನಾಗಿದ್ದ ಹುಡುಗನು ಹಿಂದಿನ ಬೆಂಚಿಗೆ ಸರಿದು, ಸಿದ್ಧ ಟಿಪ್ಪಣಿಗಳನ್ನು ಉರುಹೊಡೆದು, ತನ್ನ ಬುದ್ಧಿಯನ್ನೇ ಶಂಕಿಸತೊಡಗುತ್ತಾನೆ. ಪ್ಯಾರಾದ ವಿಷಯ ಇಷ್ಟು ದೊಡ್ಡದೇ ಎನ್ನುವವರು ಅಂಥವನ ಮುಖವನ್ನು ಒಮ್ಮೆ ನೋಡಬೇಕು.

ಅಫಜಲಪುರ ತಾಲೂಕಿನ ಹೊಳೆದಂಡೆಯ ಹಳ್ಳಿಯೊಂದರಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಪ್ರವಾಹದ ಮೇಲೆ ಬರೆದ ಪ್ಯಾರಾ ತಂದಳು. ಫ್ಲಡ್ ಈಸ್ ಎ ನ್ಯಾಚುರಲ್ ಕೆಲಾಮಿಟಿ ಎಂದು ಆರಂಭ. ಮುಂದೆ ಭಾರತವು ನದಿಗಳ ದೇಶ, ನೀರೇ ಜೀವನ, ಅತಿಯಾದರೆ ಅಮೃತವೂ ವಿಷ. ಕಡೆಗೆ ನಾವೆಲ್ಲರೂ ಕೂಡಿ ಸಂತ್ರಸ್ತರಿಗೆ ನೆರವಾಗಬೇಕು ಎಂಬ ಕರೆ. ತಪ್ಪು ಒಂದೂ ಇರಲಿಲ್ಲ. ಗೈಡಿನಿಂದ ಬಂದ ಇಂಗ್ಲಿಷಿನಲ್ಲಿ ತಪ್ಪಿರುವುದಿಲ್ಲ. ೨೦೨೦ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಮೇಲ್ಭಾಗದಲ್ಲಿ ಮಳೆ ಸುರಿದು, ಉಜನಿ, ವೀರ್ ಜಲಾಶಯಗಳಿಂದ ನೀರು ಬಿಟ್ಟು, ಸೊನ್ನದ ಬ್ಯಾರೇಜಿನ ಕೆಳಗೆ ಭೀಮೆಯು ಅಫಜಲಪುರ, ಜೇವರ್ಗಿಗಳ ಊರೂರನ್ನೇ ಸುತ್ತುವರಿದದ್ದು ಎಲ್ಲರಿಗೂ ನೆನಪಿರಬಹುದು. ಆಕೆಯ ಊರೂ ಅವುಗಳಲ್ಲೊಂದು. ಕೇಳಿದೆ: "ನಿಮ್ಮೂರಿಗೆ ನೀರು ಬಂದಾಗ ನೀ ಎಲ್ಲಿದ್ದಿ ತಂಗಿ?"

"ಮನ್ಯಾಗೇ ಇದ್ದೆನ್ರಿ ಸರ್. ರಾತ್ರಿ ನೀರು ಹೊಸ್ತಿಲಿಗಿ ಬಂತ್ರಿ. ಅಪ್ಪ ಎಮ್ಮಿ ಬಿಚ್ಚಿ ಬಿಟ್ಟ. ಅವ್ವ ಜ್ವಾಳದ ಚೀಲ ಮಾಳಿಗಿ ಮ್ಯಾಲ ಏರಿಸಿದಳ್ರಿ. ನನ್ನ ಪುಸ್ತಕ ಗೂಡಿನ್ಯಾಗ ಇದ್ದವು. ಅವು ಯಾರಿಗೂ ನೆಪ್ಪಾಗಲಿಲ್ಲರಿ."

ಇದನ್ನೇ ಬರೆ ಎಂದಾಗ ಆಕೆಗೆ ಆಶ್ಚರ್ಯವಾಯಿತು. ಮನೆಯ ಮಾತನ್ನು ಇಂಗ್ಲಿಷಿನಲ್ಲಿ ಬರೆಯಬಹುದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಎರಡು ದಿನಗಳ ಮೇಲೆ ತಂದ ಪ್ಯಾರಾ ಹೀಗಿತ್ತು: ದ ವಾಟರ್ ಕೇಮ್ ಅಟ್ ನೈಟ್. ಮೈ ಫಾದರ್ ಅನ್‌ಟೈಡ್ ದ ಬಫೆಲೋ ಅಂಡ್ ಲೆಫ್ಟ್ ಇಟ್. ಮೈ ಮದರ್ ಕ್ಯಾರೀಡ್ ದ ಜೋಳ ಟು ದ ರೂಫ್. ಮೈ ಬುಕ್ಸ್ ವಾಸ್ ಇನ್ ದ ವಾಲ್. ನೋಬಡಿ ರಿಮೆಂಬರ್ಡ್ ದೆಮ್.

ಇದರಲ್ಲಿ ಎರಡು ತಪ್ಪುಗಳಿವೆ. ಪುಸ್ತಕಗಳು ಬಹುವಚನವಾದ್ದರಿಂದ ವಾಸ್ ಎಂಬುದು ವರ್ ಆಗಬೇಕು. ಗೋಡೆಯ ಗೂಡಿಗೆ ಇಂಗ್ಲಿಷಿನಲ್ಲಿ ಬೇರೆ ಶಬ್ದವುಂಟು. ಗೋಡೆಯೊಳಗೆ ಎಂದರೆ ಪುಸ್ತಕಗಳನ್ನು ಇಟ್ಟಿಗೆಯ ಜೊತೆಗೆ ಕಟ್ಟಿದಂತಾಗುತ್ತದೆ. ಜೋಳವನ್ನು ಜೋಳವೆಂದೇ ಬರೆದದ್ದಕ್ಕೆ ನನ್ನ ತಕರಾರಿಲ್ಲ. ಎರಡು ತಪ್ಪುಗಳಿರುವ ಈ ಐದು ವಾಕ್ಯಗಳು ತಪ್ಪಿಲ್ಲದ ಹಳೆಯ ಪ್ಯಾರಾಕ್ಕಿಂತ ಉತ್ತಮ ಇಂಗ್ಲಿಷೆಂದು ನಾನು ಯಾವ ಸಭೆಯಲ್ಲಾದರೂ ವಾದಿಸಲು ಸಿದ್ಧ. ಇಲ್ಲಿ ವಿಷಯಸೂಚಕ ವಾಕ್ಯವಿಲ್ಲ, ಆದರೆ ವಿಷಯವಿದೆ. ಅವಸರದ ರಾತ್ರಿಯಲ್ಲಿ ಯಾರು ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಮರೆತರು ಎಂಬ ಒಂದೇ ದಾರದಲ್ಲಿ ಐದೂ ಮಣಿಗಳಿವೆ. ಕರಡಿನಲ್ಲಿ ಆಕೆ ಆರನೆಯದೊಂದನ್ನು ಸೇರಿಸಿದ್ದಳು: ಮರುದಿನ ಕಾಳಜಿ ಕೇಂದ್ರದಲ್ಲಿ ಅನ್ನ ಕೊಟ್ಟರೆಂದು. ಅದು ಒಳ್ಳೆಯ ವಾಕ್ಯವೇ. ಆದರೆ ಆ ಅನ್ನ ಮರುದಿನದ್ದು. ಅದಕ್ಕೆ ಮತ್ತೊಂದು ಪ್ಯಾರಾದ ಒಲೆ ಹಚ್ಚಬೇಕು. ಇದನ್ನು ಆಕೆಯೇ ಕಂಡುಕೊಂಡು ಹೊಡೆದುಹಾಕಿದಳು. ಪ್ಯಾರಾದ ಏಕತೆಯೆಂಬುದನ್ನು ವ್ಯಾಖ್ಯೆಯಿಂದ ಕಲಿತವರನ್ನು ನಾನು ಕಂಡಿಲ್ಲ. ಹೀಗೆ ಒಂದು ಒಳ್ಳೆಯ ವಾಕ್ಯವನ್ನು ಹೊಡೆದುಹಾಕಿಯೇ ಕಲಿಯುತ್ತಾರೆ.

ಪರೀಕ್ಷಕರು ವಿಷಯಸೂಚಕ ವಾಕ್ಯವನ್ನು ಬಯಸುವರಲ್ಲ ಎಂದರೆ, ಬರೆಯಲಿ. ೨೦೨೦ರ ಅಕ್ಟೋಬರಿನಲ್ಲಿ ಭೀಮೆ ನಮ್ಮ ಮನೆಯನ್ನು ಹೊಕ್ಕಳು ಎಂದು ಮೇಲೊಂದು ಸಾಲು ಬರೆದರೆ ಸಾಕು. ಇಂಥ ವಾಕ್ಯಕ್ಕೂ ಪ್ರವಾಹವು ನೈಸರ್ಗಿಕ ವಿಕೋಪವೆಂಬ ವಾಕ್ಯಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ತೋರಿಸಲು ನಾನೊಂದು ಒರೆಗಲ್ಲು ಇಟ್ಟುಕೊಂಡಿದ್ದೇನೆ. ನಿನ್ನ ಮೊದಲ ವಾಕ್ಯವನ್ನು ಎತ್ತಿ ಅಸ್ಸಾಮಿನ ಹುಡುಗನ ಪ್ಯಾರಾದ ಮೇಲಿಟ್ಟರೆ ಅದು ಅಲ್ಲಿಯೂ ಸರಿಯಾಗಿ ಕೂರುವುದೇ? ಕೂರುವುದಾದರೆ ಅದು ನಿನ್ನ ವಾಕ್ಯವಲ್ಲ.

ಈ ವಿಷಯಸೂಚಕ ವಾಕ್ಯದ ಮೇಲೆ ನಮ್ಮ ಬೋಧಕವರ್ಗಕ್ಕಿರುವ ಭಕ್ತಿ ಸ್ವಲ್ಪ ಅತಿಯಾದದ್ದು. ಅಮೆರಿಕದ ರಿಚರ್ಡ್ ಬ್ರ್ಯಾಡಕ್ ಎಂಬುವರು ಅಲ್ಲಿನ ಪತ್ರಿಕೆಗಳ ನುರಿತ ಲೇಖಕರ ಪ್ರಬಂಧಗಳನ್ನು ಬಿಡಿಸಿ ನೋಡಿ ೧೯೭೪ರಲ್ಲಿ ಒಂದು ಲೆಕ್ಕ ಕೊಟ್ಟರು: ವಿಷಯಸೂಚಕ ವಾಕ್ಯದಿಂದ ಆರಂಭವಾಗುವ ಪ್ಯಾರಾಗಳು ನೂರಕ್ಕೆ ಹದಿಮೂರರಷ್ಟೇ. ಬಲ್ಲವರು ಪಾಲಿಸದ ನಿಯಮವನ್ನು ಕಲಿಯುವವರ ಮೇಲೆ ಹೇರುವುದೇಕೆ ಎಂದು ಕೇಳಬಹುದು. ಈಜು ಕಲಿಯುವ ಹುಡುಗನ ಸೊಂಟಕ್ಕೆ ಸೋರೆಬುರುಡೆ ಕಟ್ಟುವುದಿಲ್ಲವೆ? ಅಷ್ಟರ ಮಟ್ಟಿಗೆ ಅದು ಬೇಕು. ಬುರುಡೆಯೇ ಈಜು ಎಂದು ತಿಳಿಯಬಾರದು.

ಇನ್ನೊಂದು ಅಭಿಪ್ರಾಯದ ಬಗ್ಗೆ ನನಗೆ ಇಷ್ಟು ಸಮಾಧಾನವಿಲ್ಲ. ೧೯೬೬ರಲ್ಲಿ ರಾಬರ್ಟ್ ಕ್ಯಾಪ್ಲಾನ್ ಎಂಬ ವಿದ್ವಾಂಸರು ಅಮೆರಿಕದಲ್ಲಿ ಓದಲು ಬಂದ ಪರದೇಶದ ವಿದ್ಯಾರ್ಥಿಗಳ ಬರಹಗಳನ್ನು ನೋಡಿ, ಇಂಗ್ಲಿಷಿನವರ ಆಲೋಚನೆ ನೇರ ಗೆರೆಯಂತೆಯೂ ಪೌರ್ವಾತ್ಯರದು ಸುರುಳಿಯಂತೆಯೂ ಸಾಗುತ್ತದೆಂದು ಚಿತ್ರ ಬರೆದು ತೋರಿಸಿದರು. ಮುಂದೆ ಅದಕ್ಕೆ ಆಕ್ಷೇಪಗಳು ಬಂದುವು, ಅವರೇ ತಮ್ಮ ಮಾತನ್ನು ಸಡಿಲಿಸಿಕೊಂಡರು. ಆದರೂ ಆ ಸುರುಳಿಯನ್ನು ಇಂದಿಗೂ ಹಿಡಿದುಕೊಂಡು, ನಮ್ಮ ಮನಸ್ಸೇ ಹಾಗೆ ಎನ್ನುವವರುಂಟು. ನೆಟೆರೋಗದಿಂದ ಬೆಳೆ ಕಳೆದುಕೊಂಡ ಜೇವರ್ಗಿಯ ರೈತನು ಕೃಷಿ ಅಧಿಕಾರಿಯ ಎದುರಿಗೆ ನಿಂತು ಸುರುಳಿಯಲ್ಲಿ ಮಾತಾಡುತ್ತಾನೆಯೆ? "ತೊಗರಿ ಹೋತ್ರಿ ಸಾಹೇಬ್ರ" ಎಂದು ಮೊದಲ ಉಸಿರಿಗೇ ಹೇಳುತ್ತಾನೆ. ಎಷ್ಟು ಎಕರೆ, ಯಾವಾಗಿನಿಂದ ಬಾಡಿತು, ಎಣ್ಣೆ ಹೊಡೆದದ್ದೆಷ್ಟು ಎಂಬುದೆಲ್ಲ ಆಮೇಲೆ. ಬೇನನ ಕಟ್ಟಳೆಯನ್ನು ಓದದೆಯೇ ಪಾಲಿಸಿದ ಪ್ಯಾರಾ ಅದು. ಅದೇ ರೈತನ ಹೆಸರಿನಲ್ಲಿ ಮಗನು ಅರ್ಜಿ ಬರೆಯುವಾಗ ಸುರುಳಿ ಹುಟ್ಟುತ್ತದೆ. ಸುರುಳಿಯಿರುವುದು ಅರ್ಜಿಯ ರೂಢಿಯಲ್ಲಿ, ಕನ್ನಡಿಗನ ತಲೆಯಲ್ಲಲ್ಲ.

ಹಾಗೆಂದು ಎರಡು ಭಾಷೆಗಳ ಜಾಯಮಾನ ಒಂದೇ ಎಂದಲ್ಲ. ನಿನ್ನಿ ಸಂತಿಗಿ ಹೋಗಿ, ಬೀಜ ತಗೊಂಡು, ಬಸ್ಸು ತಪ್ಪಿ, ನಡಕೋತ ಬಂದು ಮನಿ ಮುಟ್ಟೋದ್ರಾಗ ಕತ್ತಲಾಗಿತ್ತು: ಇದು ಕನ್ನಡದಲ್ಲಿ ಸೊಗಸಾದ ಒಂದು ವಾಕ್ಯ. ಭೂತನ್ಯೂನಗಳು ಒಂದರ ಹಿಂದೊಂದು ಕೊಂಡಿ ಹಾಕಿಕೊಂಡು, ಕೊನೆಯ ಕ್ರಿಯಾಪದ ಇಂಜಿನಿನಂತೆ ಎಲ್ಲವನ್ನೂ ಎಳೆಯುತ್ತದೆ. ಹೋದವನು ಯಾರೆಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ. ಇಂಗ್ಲಿಷಿನ ಪೂರ್ಣಕ್ರಿಯೆಗೆ ಕರ್ತೃ ಕಣ್ಣಿಗೆ ಕಾಣುವಂತಿರಬೇಕು; ಕ್ರಿಯೆಯು ಅವನ ಬೆನ್ನಿಗೇ ಬರಬೇಕು. ನಮ್ಮ ಹುಡುಗನು ಕೊಂಡಿ ಕಳಚದೆ ಅಂಡ್, ಅಂಡ್ ಎಂದು ಹೊಸೆಯುತ್ತಾನೆ. ಅವನಿಗೆ ಕೇಳಬೇಕಾದದ್ದು ಒಂದೇ: ಈ ಐದರಲ್ಲಿ ನಿನಗೆ ದೊಡ್ಡದು ಯಾವುದು? ಬಸ್ಸು ತಪ್ಪಿದ್ದು ಎಂದನೆನ್ನಿ. ಹಾಗಾದರೆ ಅದಕ್ಕೊಂದು ಪುಟ್ಟ ವಾಕ್ಯವನ್ನು ಒಂಟಿಯಾಗಿ ಕೊಡು. ಸಂತೆ, ಬೀಜ ಎರಡನ್ನೂ ಅದರ ಹಿಂದಿನ ಒಂದು ವಾಕ್ಯದಲ್ಲಿ ಮುಗಿಸು. ಬಿಡಿಸುವ ಈ ಕೆಲಸದಲ್ಲಿ ಆಯ್ಕೆ ಬರುತ್ತದೆ, ಆಯ್ಕೆಯಿಂದ ಪ್ಯಾರಾಕ್ಕೆ ಆಕಾರ ಬರುತ್ತದೆ.

ರಾಜಾರಾಯರು ೧೯೩೮ರ 'ಕಾಂತಾಪುರ'ದಲ್ಲಿ ಹಳ್ಳಿಯ ಮುದುಕಿಯ ಬಾಯಿಂದ ಕಥೆ ಹೇಳಿಸುತ್ತ, ಇದೇ ಕೊಂಡಿಯ ನಡೆಯನ್ನು ಇಂಗ್ಲಿಷಿಗೆ ಬೇಕೆಂದೇ ತಂದರು. ಹಾಸನದ ಕನ್ನಡಿಗರು ಮಾಡಿದ ಸಾಹಸ ಅದು. ಅದನ್ನು ಓದಿಕೊಂಡ ಜಾಣ ವಿದ್ಯಾರ್ಥಿಯೊಬ್ಬನು ತನ್ನ ಅಂಡ್‌ಗಳಿಗೆ ಅವರನ್ನು ಸಾಕ್ಷಿ ಕರೆದದ್ದುಂಟು. ಕಟ್ಟಲು ಬಲ್ಲವನು ಬಿಚ್ಚಿದ ಮುಂಡಾಸಿಗೂ ಕಟ್ಟಲು ಬಾರದವನ ಹೆಗಲ ಮೇಲಿನ ಬಟ್ಟೆಗೂ ವ್ಯತ್ಯಾಸವಿದೆ ಎಂದು ಹೇಳಿ ಕಳಿಸಿದೆ.

ಕನ್ನಡವು ಅಡ್ಡಿಯಾಗುವ ಎಡೆಗಳನ್ನು ಎಲ್ಲರೂ ಹೇಳುತ್ತಾರೆ. ನಾನು ಆಳಂದದವನೇ ಎಂಬಲ್ಲಿನ 'ಏ'ಕಾರ ಇಂಗ್ಲಿಷಿನಲ್ಲಿ ಓನ್ಲಿ ಎಂದು ಬಾಲ ಚಾಚುತ್ತದೆ. ನಿನ್ನಿ ಬಂದೀನಿ ಎಂಬುದು ಐ ಹ್ಯಾವ್ ಕಮ್ ಯೆಸ್ಟರ್‌ಡೇ ಎಂದಾಗುತ್ತದೆ. ಇವು ಎಲ್ಲರೂ ಬಲ್ಲ ನಗೆಯ ವಸ್ತುಗಳು. ಕನ್ನಡವು ನೆರವಾಗುವ ಎಡೆಗಳನ್ನು ಮಾತ್ರ ಯಾರೂ ಹೇಳುವುದಿಲ್ಲ. ಎ, ದ ಎಂಬ ಎರಡು ಉಪಪದಗಳು ನಮ್ಮ ವಿದ್ಯಾರ್ಥಿಗಳಿಗೆ ಜೀವನಪರ್ಯಂತ ಬಿಡಿಸಲಾರದ ಒಗಟು. ಕನ್ನಡದಲ್ಲಿ ಅಂಥ ಪದಗಳೇ ಇಲ್ಲವೆಂದು ವ್ಯಾಕರಣವನ್ನು ದೂರುತ್ತೇವೆ. ಆದರೆ ಅಜ್ಜಿಯ ಕಥೆ ಹೇಗೆ ಆರಂಭವಾಗುತ್ತದೆ? ಒಂದೂರಾಗ ಒಬ್ಬ ರಾಜ ಇದ್ದ, ಆ ರಾಜಗ ಒಬ್ಬ ಮಗಳಿದ್ದಳು, ಆ ಮಗಳು... ಕೇಳುವವರಿಗೆ ಹೊಸಬನಾದಾಗ ಒಬ್ಬ, ಪರಿಚಿತನಾದ ಮೇಲೆ ಆ. ಇಂಗ್ಲಿಷಿನ ಎ ಮತ್ತು ದ ಮುಖ್ಯವಾಗಿ ಮಾಡುವ ಕೆಲಸ ಇದೇ. ಪೂರ್ಣವಾಗಿ ಇದೇ ಎನ್ನಲಾರೆ. ಸೂರ್ಯನಿಗೂ ನದಿಯ ಹೆಸರುಗಳಿಗೂ ಅವರು ದ ಹಚ್ಚುವ ಪದ್ಧತಿಯನ್ನು ಅಜ್ಜಿಯು ವಿವರಿಸಲಾರಳು. ಆದರೆ ಒಂದು ಪ್ಯಾರಾದ ವಾಕ್ಯಗಳು ಒಂದರ ಸೆರಗನ್ನು ಇನ್ನೊಂದು ಹಿಡಿದು ನಡೆಯುವುದು ಹೇಗೆಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಪಾಠವನ್ನು ಯಾವ ಕೈಪಿಡಿಯಲ್ಲಿಯೂ ನಾನು ಕಂಡಿಲ್ಲ. ಇದನ್ನು ಕಪ್ಪುಹಲಗೆಯ ಮೇಲೆ ಬರೆದ ದಿನ ತರಗತಿಯಲ್ಲಿ ಎದ್ದ ಗುಲ್ಲು ನನಗೆ ಈಗಲೂ ಕಿವಿಯಲ್ಲಿದೆ.

ಮಳಖೇಡ ಇಲ್ಲಿಂದ ದೂರವಲ್ಲ. ಅಲ್ಲಿನ ರಾಷ್ಟ್ರಕೂಟರ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಸಕ್ಕದ ಕನ್ನಡಗಳನ್ನು ಹೊಂದಿಕೆಯಿಲ್ಲದೆ ಬೆಸೆದ ಸಮಾಸಗಳನ್ನು ದೋಷವೆಂದು ಎಣಿಸಿತು. ದೊಡ್ಡ ಭಾಷೆಯೊಂದರ ನೆರಳಿನಲ್ಲಿ ಬರೆಯುವವನು ಎಷ್ಟು ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಬೇಕು ಎಂಬ ಚಿಂತೆ ಈ ಮಣ್ಣಿನಲ್ಲಿ ಆಗಲೇ ಬಿತ್ತಿದ್ದು.

ಕಲಿಸುವ ವಿಧಾನದ ವಿಷಯದಲ್ಲಿ ನಮ್ಮ ದಕ್ಷಿಣದಲ್ಲಿಯೇ ನಡೆದ ಒಂದು ಪ್ರಯೋಗವನ್ನು ಇಂಗ್ಲಿಷಿನ ಅಧ್ಯಾಪಕರು ಬಲ್ಲರು. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ೧೯೭೯ರಿಂದ ೧೯೮೪ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಶಾಲೆಗಳಲ್ಲಿ, ವ್ಯಾಕರಣದ ಪಾಠವನ್ನು ಬದಿಗಿಟ್ಟು, ಭೂಪಟ, ರೈಲುವೇಳಾಪಟ್ಟಿಗಳಂಥ ಸಾಮಗ್ರಿ ಕೊಟ್ಟು ಮಕ್ಕಳಿಂದ ಸಮಸ್ಯೆಗಳನ್ನು ಬಿಡಿಸಿಸಿದರು. ಗಮನವು ಅರ್ಥದ ಮೇಲಿದ್ದಾಗ ಭಾಷೆಯ ರೂಪ ತಾನಾಗಿ ಹತ್ತುತ್ತದೆಂಬುದು ಅವರ ನಂಬಿಕೆ. ಬೆಂಗಳೂರಿನ ಹೆಸರಿನಿಂದಲೇ ಲೋಕವಿಖ್ಯಾತವಾದ ಆ ಪ್ರಯೋಗದ ಗಾಳಿ ಭೀಮೆಯನ್ನು ದಾಟಿ ಬಂದಂತೆ ಕಾಣೆ. ಅದನ್ನು ಪೂರ್ತಿಯಾಗಿ ನಾನು ಒಪ್ಪುವುದೂ ಇಲ್ಲ. ವ್ಯಾಕರಣವನ್ನು ಒಮ್ಮೆ ಕೂತು ಹೇಳಿಕೊಡದೆ ವಾಸ್ ಹೋಗಿ ವರ್ ಆಗುವುದಿಲ್ಲ. ಆದರೆ ಬರೆಯುವುದಕ್ಕೆ ಮೊದಲು ಹೇಳುವುದೊಂದು ಇರಬೇಕೆಂಬಷ್ಟರ ಮಟ್ಟಿಗೆ ಅವರು ನನ್ನ ಕಡೆಯವರು.

ನನ್ನ ಕೊಠಡಿಗೆ ಬರುವವರಿಗೆ ಕೊಡುವ ಅಭ್ಯಾಸ ಬಹಳ ಸಣ್ಣದು. ವಾರಕ್ಕೊಂದು ಪ್ಯಾರಾ, ಐದಾರು ವಾಕ್ಯ. ಮೊದಲು ಕನ್ನಡದಲ್ಲಿ, ಮನೆಯಲ್ಲಿ ಆಡುವ ಕನ್ನಡದಲ್ಲಿಯೇ. ತಾನು ಕಂಡದ್ದಾಗಿರಬೇಕು, ಗಾದೆ ಇರಬಾರದು. ಅನಂತರ ಗೈಡನ್ನು ಮುಟ್ಟದೆ ಇಂಗ್ಲಿಷಿನಲ್ಲಿ. ೨೦೧೯ರಲ್ಲಿ ಗುಲ್ಬರ್ಗದ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಬಂತು. ಅದರ ಮೇಲೆ ಬರೆಯಿರೆಂದರೆ ಎಲ್ಲರೂ ಪ್ರೋಟೀನಿನ ವಿಷಯವನ್ನೇ ಬರೆದು ತಂದರು. ತೊಗರಿ ಬಾಡುವುದು ಎಲೆಯಿಂದಲೋ ಬೇರಿನಿಂದಲೋ ಎಂದು ಕೇಳಿದ ಮೇಲೆ ಜೇವರ್ಗಿಯ ಕಡೆಯ ಹುಡುಗನೊಬ್ಬನು, ಮೇಲೆ ಹಸಿರಾಗಿ ಕಾಣುತ್ತಿದ್ದ ಗಿಡವನ್ನು ಕಿತ್ತು ಕಾಂಡ ಸೀಳಿದಾಗ ಒಳಗೆ ಕಪ್ಪು ಗೆರೆ ಕಂಡಿತೆಂದು ಬರೆದನು. ಕಪ್ಪು ಗೆರೆ ಎಂಬುದು ಅವನ ಇಂಗ್ಲಿಷಿನಲ್ಲಿ ಬ್ಲ್ಯಾಕ್ ಲೈನ್ ಎಂದಿತ್ತು. ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಿದೆ. ಶಿಲೀಂಧ್ರವು ಮಣ್ಣಿನಿಂದ ಬೇರನ್ನು ಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುವುದರ ಗುರುತು ಅದೇ ಎಂದರು.

ಅಭ್ಯಾಸ ನಿಯಮದಂತೆ ನಡೆಯುವುದು ನವೆಂಬರಿನವರೆಗೆ. ಡಿಸೆಂಬರಿನಲ್ಲಿ ತೊಗರಿಯ ರಾಶಿ ಆರಂಭವಾಗುತ್ತದೆ, ಅಫಜಲಪುರ, ಆಳಂದಗಳ ಕಡೆ ಕಬ್ಬಿನ ಗಾಡಿಗಳು ಕಾರ್ಖಾನೆಗೆ ಹೊರಡುತ್ತವೆ. ಹಾಜರಿಯ ಪುಸ್ತಕದಲ್ಲಿ ಗೈರು ಹೆಚ್ಚುತ್ತದೆ. ಮೇಜಿನ ಮೇಲೆ ತಿದ್ದಿಟ್ಟ ಹಾಳೆಗಳು ಸಂಕ್ರಾಂತಿ ಕಳೆಯುವವರೆಗೂ ಹಾಗೆಯೇ ಕುಳಿತಿರುತ್ತವೆ.